ನಿಸ್ತಂತು ಜಾಲದ ಹಾಜರಿ ಪಟ್ಟಿ

ಶಾಲೆಯಲ್ಲಿ ಮೂವತ್ತು ವರ್ಷಗಳಿಂದ ಪ್ರತಿನಿತ್ಯ ಹಾಜರಿ ಕರೆಯುತ್ತ ಬಂದಿರುವ ನಮಗೆ ಸ್ವಂತ ಮನೆಯ ಹಾಜರಿಯೇ ತಿಳಿದಿರಲಿಲ್ಲ ಎಂಬ ಸಂಗತಿ ಕಳೆದ ಮಳೆಗಾಲದಲ್ಲಿ ಬಯಲಾಯಿತು. ನಾವು ಹೇಳುತ್ತಿರುವುದು ಮನೆಯ ನಿಸ್ತಂತು ಜಾಲಕ್ಕೆ, ಎಂದರೆ ಈಗ ಮಕ್ಕಳೂ ಮುದುಕರೂ ವೈಫೈ ಎಂದು ಕರೆಯುವ ವ್ಯವಸ್ಥೆಗೆ, ಸೇರಿಕೊಂಡಿರುವ ಉಪಕರಣಗಳ ಹಾಜರಿಯನ್ನು. ಈ ಪ್ರಸಂಗದಲ್ಲಿ ನಾವು ನಿರಪರಾಧಿಯಾದ ಒಬ್ಬ ಹುಡುಗನ ಮನಸ್ಸನ್ನು ನೋಯಿಸಿದೆವು. ನಡೆದುದನ್ನು ಮರೆಮಾಚದೆ ಬರೆದರೆ ವಾಚಕರಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂದು ಈ ಲೇಖನಕ್ಕೆ ಕೈಹಾಕಿದ್ದೇವೆ.

ನಮ್ಮದು ಕಾಸರಗೋಡಿನ ಒಳನಾಡಿನ ಹಳ್ಳಿ. ಅಡಕೆ ತೋಟದ ನಡುವೆ ಮನೆ, ತೋಟದಾಚೆ ನೆರೆಮನೆ, ನಡುವೆ ಮುರಕಲ್ಲಿನ ಒಂದು ಗಿಡ್ಡ ಗೋಡೆ. ಒಂದು ಸಂಜೆ ಐದರ ಹೊತ್ತಿಗೆ ಶಾಲೆಯ ದಾಖಲೆಗಳನ್ನು ಕಳುಹಿಸಲು ಕುಳಿತೆವು. ಅರ್ಧ ಗಂಟೆ ಕಳೆದರೂ ಕೆಲಸ ಮುಗಿಯಲಿಲ್ಲ. ಯಾರೋ ನಮ್ಮ ಸಂಪರ್ಕವನ್ನು ಹೀರುತ್ತಿದ್ದಾರೆಂಬ ಸಂಶಯ ಆಗ ಮೊಳೆಯಿತು. ನಿಸ್ತಂತು ಸಂಕೇತಗಳನ್ನು ಹಂಚುವ ರೂಟರ್ ಎಂಬ ಪೆಟ್ಟಿಗೆಯೊಳಗೆ, ಅದಕ್ಕೆ ಸೇರಿಕೊಂಡವರೆಲ್ಲರ ಪಟ್ಟಿ ಇರುತ್ತದೆಂದು ಕೇಳಿ ಬಲ್ಲೆವು. ಅದನ್ನು ಕಾಣುವುದೇನೂ ಕಷ್ಟವಲ್ಲ. ಅದೇ ಜಾಲಕ್ಕೆ ಸೇರಿರುವ ಫೋನಿನಲ್ಲಿ ಅಥವಾ ಗಣಕದಲ್ಲಿ ಬ್ರೌಸರ್ ತೆರೆದು 192.168.1.1 ಅಥವಾ 192.168.0.1 ಎಂದು ಬರೆಯಬೇಕು. ಯಾವುದು ಸರಿಯೆಂಬುದನ್ನೂ, ಒಳಹೋಗಲು ಬೇಕಾದ ಹೆಸರು ಮತ್ತು ಗುಪ್ತಪದವನ್ನೂ ಹೆಚ್ಚಿನ ರೂಟರುಗಳ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮುದ್ರಿಸಿರುತ್ತಾರೆ.

ಪಟ್ಟಿ ತೆರೆಯಿತು. ಮನೆಯಲ್ಲಿರುವುದು ನಮ್ಮ ಫೋನು, ಮನೆಯವರ ಫೋನು, ಒಂದು ಲ್ಯಾಪ್‌ಟಾಪು, ಒಂದು ದೂರದರ್ಶನ. ಒಟ್ಟು ನಾಲ್ಕು ಎಂದು ನಮ್ಮ ಲೆಕ್ಕ. ಪಟ್ಟಿಯಲ್ಲಿ ಒಂಬತ್ತು ಸಾಲುಗಳಿದ್ದವು.

ಆ ಕ್ಷಣದಲ್ಲಿ ಕಿಟಕಿಯಿಂದ ಹೊರಗೆ ನೋಡಿದರೆ ನೆರೆಮನೆಯ ಹುಡುಗ ಗೋಡೆಯ ಮೇಲೆ ಕುಳಿತು ಫೋನಿನಲ್ಲಿ ತಲ್ಲೀನನಾಗಿದ್ದ. 2020ರ ಜೂನ್ 1ರಂದು ಕೇರಳದಲ್ಲಿ ಶಾಲೆಗಳ ಬಾಗಿಲು ತೆರೆಯದೆ ವಿಕ್ಟರ್ಸ್ ವಾಹಿನಿಯ ಮೂಲಕ ಪಾಠಗಳು ಆರಂಭವಾದಾಗ, ಸುತ್ತಲಿನ ಏಳೆಂಟು ಮಕ್ಕಳಿಗೆ ನಮ್ಮ ಜಗಲಿಯಲ್ಲಿ ಕುಳಿತು ಪಾಠ ನೋಡಿಕೊಳ್ಳಲೆಂದು ಗುಪ್ತಪದವನ್ನು ನಾವೇ ಕೊಟ್ಟಿದ್ದೆವು. ಅವರಲ್ಲಿ ಇವನೂ ಒಬ್ಬ. ಇನ್ನು ವಿಚಾರಿಸುವುದೇನಿದೆ? ಅಂಗಳಕ್ಕಿಳಿದು ಹೋಗಿ, ‘ಬೇಕಾದರೆ ಕೇಳಿ ತೆಗೆದುಕೊಳ್ಳಬೇಕು, ಹೀಗೆ ಕಳ್ಳತನದಿಂದಲ್ಲ’ ಎಂದುಬಿಟ್ಟೆವು. ಹುಡುಗ ಮುಖ ಕೆಂಪಗೆ ಮಾಡಿಕೊಂಡು, ‘ನಾನಲ್ಲ ಸಾರ್’ ಎಂದಷ್ಟೇ ಹೇಳಿ ಎದ್ದು ಹೋದ. ಮರುದಿನ ಗೋಡೆ ಬರಿದಾಗಿತ್ತು. ಅದರ ಮರುದಿನವೂ.

ಪಟ್ಟಿಯಲ್ಲಿ ಮಾತ್ರ ಒಂಬತ್ತು ಸಾಲುಗಳು ಹಾಗೆಯೇ ಇದ್ದವು.

ಆಗ ನಮಗೆ ನಾಚಿಕೆಯೂ ಕುತೂಹಲವೂ ಒಟ್ಟಿಗೆ ಉಂಟಾದವು. ಹಳೆಯ ಒಂದು ನೋಟುಪುಸ್ತಕವನ್ನು ತೆಗೆದು, ಒಂಬತ್ತು ಸಾಲುಗಳನ್ನೂ ಅಕ್ಷರ ಬಿಡದೆ ಬರೆದುಕೊಂಡೆವು. ಪ್ರತಿ ಸಾಲಿನಲ್ಲಿಯೂ ಮೂರು ವಿವರಗಳಿರುತ್ತವೆ. ಮೊದಲನೆಯದು ಹೆಸರು, ಇದನ್ನು ಉಪಕರಣವೇ ಹೇಳಿಕೊಳ್ಳುತ್ತದೆ. ಕೆಲವು ತಮ್ಮ ನಿಜನಾಮವನ್ನು ಹೇಳಿದರೆ ಕೆಲವು ಅರ್ಥವಾಗದ ಅಂಕೆಗಳನ್ನು ಹೇಳುತ್ತವೆ. ಇನ್ನು ಕೆಲವು ಮಾತೇ ಆಡುವುದಿಲ್ಲ. ಎರಡನೆಯದು ಐ.ಪಿ. ವಿಳಾಸ. ಇದು ರೂಟರು ಕೊಟ್ಟ ತಾತ್ಕಾಲಿಕ ಸಂಖ್ಯೆಯಾದುದರಿಂದ ಗುರುತು ಹಿಡಿಯಲು ಅಷ್ಟಾಗಿ ಪ್ರಯೋಜನವಿಲ್ಲ. ಮೂರನೆಯದು ಮ್ಯಾಕ್ ವಿಳಾಸ. ನಿಜವಾದ ಸುಳಿವು ದೊರೆಯುವುದು ಇಲ್ಲಿಯೇ.

ಮ್ಯಾಕ್ ವಿಳಾಸವೆಂದರೆ ಎರಡೆರಡರ ಆರು ಜೋಡಿಗಳಾಗಿ ಬರೆದ ಹನ್ನೆರಡು ಅಂಕೆಗಳು. ಈ ಅಂಕೆಗಳು ನಮ್ಮ ರೂಢಿಯ ಹತ್ತರ ಪದ್ಧತಿಯವಲ್ಲ, ಹದಿನಾರರ ಪದ್ಧತಿಯವು: ಸೊನ್ನೆಯಿಂದ ಒಂಬತ್ತರವರೆಗೆ ಅಂಕೆಗಳಾದ ಮೇಲೆ ಹತ್ತರಿಂದ ಹದಿನೈದರವರೆಗಿನ ಸ್ಥಾನಕ್ಕೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳು. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಗಳು ಬರುವವರೆಗೆ ರೂಪಾಯಿಗೆ ಹದಿನಾರಾಣೆ ಎಣಿಸುತ್ತಿದ್ದ ನಮ್ಮ ಅಜ್ಜನಿಗೆ ಈ ಲೆಕ್ಕ ನಮಗಿಂತ ಬೇಗ ಒಲಿಯುತ್ತಿತ್ತೋ ಏನೋ. ಹನ್ನೆರಡು ಸ್ಥಾನಗಳಲ್ಲಿ ಹೀಗೆ ಎರಡೂಮುಕ್ಕಾಲು ಕೋಟಿ ಕೋಟಿಗೂ ಮೀರಿದ ವಿಳಾಸಗಳು ಸಾಧ್ಯ. ಇವುಗಳಲ್ಲಿ ಮೊದಲ ಆರು ಅಂಕೆಗಳು ತಯಾರಕರ ಗುರುತು. ಐ.ಇ.ಇ.ಇ. ಎಂಬ ಅಂತರರಾಷ್ಟ್ರೀಯ ತಂತ್ರಜ್ಞರ ಸಂಸ್ಥೆ ಇದನ್ನು ಕಂಪನಿಗಳಿಗೆ ಹಂಚಿಕೊಡುತ್ತದೆ; ಹಂಚಿದ ಪಟ್ಟಿ ಬಹಿರಂಗವಾಗಿದ್ದು ಯಾರು ಬೇಕಾದರೂ ನೋಡಬಹುದು. ಹಲವು ರೂಟರುಗಳು ತಾವೇ ನೋಡಿ ತಯಾರಕರ ಹೆಸರನ್ನು ಪಕ್ಕದಲ್ಲಿ ಬರೆದಿರುತ್ತವೆ.

ಇಲ್ಲಿ ಒಂದು ತೊಡಕುಂಟು. ಆ ಹೆಸರು ಪೆಟ್ಟಿಗೆಯ ಮೇಲೆ ಅಚ್ಚಾದ ಕಂಪನಿಯದಾಗಿರಲೇಬೇಕೆಂದಿಲ್ಲ. ಒಳಗಿನ ನಿಸ್ತಂತು ಬಿಲ್ಲೆಯನ್ನು ಮಾಡಿದವರದಾಗಿರಬಹುದು. ನಮ್ಮ ಪಟ್ಟಿಯ ಒಂದು ಸಾಲಿನಲ್ಲಿ ‘ಎಸ್ಪ್ರೆಸಿಫ್’ ಎಂಬ ಹೆಸರಿತ್ತು. ಇದು ಷಾಂಘೈ ನಗರದ ಒಂದು ಕಂಪನಿ. ಅಗ್ಗದ ವೈಫೈ ಬಿಲ್ಲೆಗಳಿಗೆ ಹೆಸರಾದದ್ದು. ಅದರ ಇಎಸ್‌ಪಿ 8266 ಎಂಬ ಬಿಲ್ಲೆ 2014ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ದೀಪ, ಪ್ಲಗ್, ಸ್ವಿಚ್ಚುಗಳೆಲ್ಲ ಜಾಲಕ್ಕೆ ಸೇರತೊಡಗಿದವು. ಹಿಂದಿನ ದಸರಾ ರಜೆಯಲ್ಲಿ ಮಗ ತಂದು ಅಂಗಳದ ದೀಪಕ್ಕೆ ಸಿಕ್ಕಿಸಿ ಹೋದ ಪ್ಲಗ್ ಆಗ ನೆನಪಾಯಿತು. ಬೆಂಗಳೂರಿನಲ್ಲಿ ಕುಳಿತು ನಮ್ಮ ಅಂಗಳದ ದೀಪ ಹೊತ್ತಿಸುವುದು ಅವನಿಗೊಂದು ವಿನೋದ. ಪ್ಲಗ್ಗನ್ನು ಕಿತ್ತೆವು. ಐದು ನಿಮಿಷದ ಬಳಿಕ ಪಟ್ಟಿಯನ್ನು ಮತ್ತೆ ತೆರೆದರೆ ಆ ಸಾಲು ಮಾಯ! ಉಳಿದವು ನಾಲ್ಕು.

ಮುಂದಿನದಕ್ಕೂ ಇದೇ ಉಪಾಯ. ಲ್ಯಾಪ್‌ಟಾಪಿನ ಹೆಸರು ಎರಡು ಸಲ ಬಂದಿತ್ತು. ಅದನ್ನು ಕೆಲವೊಮ್ಮೆ ತಂತಿಯಿಂದಲೂ ಕೆಲವೊಮ್ಮೆ ನಿಸ್ತಂತುವಾಗಿಯೂ ಜೋಡಿಸುತ್ತೇವೆ. ಎರಡು ಬಾಗಿಲಿಗೂ ಬೇರೆ ಬೇರೆ ಮ್ಯಾಕ್ ವಿಳಾಸ. ಮತ್ತೊಂದು, ದೇವರ ಕೋಣೆಯಲ್ಲಿ ಬೆಳಗ್ಗೆ ಸುಪ್ರಭಾತ ಕೇಳಿಸುವ ಹಳೆಯ ಫೋನು. ಸಿಮ್ ತೆಗೆದ ಮೇಲೆ ಅದು ಫೋನೆಂಬುದನ್ನೇ ನಾವು ಮರೆತಿದ್ದೆವು.

ನಮ್ಮನ್ನು ಬಹಳ ಕಾಡಿದ್ದು ನಾಲ್ಕನೆಯದು. ಹೆಸರಿಲ್ಲ, ತಯಾರಕರಿಲ್ಲ, ವಿಳಾಸದ ಆರಂಭ ‘ಡಿಎ’ ಎಂದು. ಇದರ ಗುಟ್ಟನ್ನು ವಾಚಕರು ನೆನಪಿಡುವುದು ಒಳ್ಳೆಯದು, ಏಕೆಂದರೆ ಇಂದು ಅತ್ಯಂತ ಹೆಚ್ಚು ಗಾಬರಿ ಹುಟ್ಟಿಸುವ ಸಾಲು ಇಂಥದೇ. ಮ್ಯಾಕ್ ವಿಳಾಸ ಬದಲಾಗದಿದ್ದರೆ ಅಂಗಡಿ, ನಿಲ್ದಾಣಗಳಲ್ಲಿ ಒಬ್ಬನ ಓಡಾಟವನ್ನು ಅದರಿಂದಲೇ ಹಿಂಬಾಲಿಸಬಹುದು. ಇದನ್ನು ತಡೆಯಲು ಫೋನುಗಳು ಜಾಲಕ್ಕೊಂದರಂತೆ ಕಲ್ಪಿತ ವಿಳಾಸವನ್ನು ಹೇಳಿಕೊಳ್ಳತೊಡಗಿದವು. 2019ರ ಆಂಡ್ರಾಯ್ಡ್ 10ರಿಂದ, ಮತ್ತು ಐಫೋನುಗಳಲ್ಲಿ 2020ರ ಐಒಎಸ್ 14ರಿಂದ ಇದು ತಾನಾಗಿಯೇ ನಡೆಯುತ್ತದೆ. ಕಲ್ಪಿತ ವಿಳಾಸಕ್ಕೆ ಒಂದು ಲಕ್ಷಣವುಂಟು: ಅದರ ಎರಡನೆಯ ಅಂಕೆ 2, 6, ಎ, ಇ ಈ ನಾಲ್ಕರಲ್ಲಿ ಒಂದಾಗಿರುತ್ತದೆ. ‘ಡಿಎ’ಯಲ್ಲಿ ಎರಡನೆಯದು ಎ. ಎಂದರೆ ಇದು ಬಹುತೇಕ ಯಾವುದೋ ಫೋನು. ಯಾರದು? ಫೋನಿನ ವೈಫೈ ವಿವರಗಳ ಪುಟದಲ್ಲಿ ಅದು ಈ ಜಾಲದಲ್ಲಿ ಬಳಸುತ್ತಿರುವ ವಿಳಾಸವನ್ನು ಕಾಣಬಹುದು. ನಮ್ಮದನ್ನೂ ಮನೆಯವರದನ್ನೂ ನೋಡಿದೆವು. ಎರಡೂ ಬೇರೆ ಸಾಲುಗಳಿಗೆ ಹೊಂದಿಕೊಂಡವು. ನಮ್ಮ ಎದೆ ಮತ್ತೆ ಡವಗುಟ್ಟಿತು. ಆಗ ಮನೆಯವರೇ ಅಡಿಗೆ ಕೋಣೆಯಿಂದ, ‘ಹೋದ ವಾರ ನನ್ನ ಫೋನನ್ನು ದುರಸ್ತಿಯವರು ಪೂರ್ತಿ ಅಳಿಸಿ ಕೊಟ್ಟರಲ್ಲ’ ಎಂದರು. ಹಾಗೆ ಅಳಿಸಿದಾಗ ಫೋನು ಹೊಸ ಕಲ್ಪಿತ ವಿಳಾಸವನ್ನು ತಳೆದಿತ್ತು; ಹಳೆಯದು ಪಟ್ಟಿಯಲ್ಲಿ ಗತಸಾಕ್ಷಿಯಾಗಿ ಉಳಿದಿತ್ತು. ಪಟ್ಟಿಯಲ್ಲಿ ಕಂಡವರೆಲ್ಲ ಈ ಕ್ಷಣದಲ್ಲಿ ಹಾಜರಿದ್ದಾರೆಂದು ತಿಳಿಯಬಾರದು. ಹೊರಟು ಹೋದವರ ಹೆಸರನ್ನೂ ಕೆಲವು ರೂಟರುಗಳು ಬಹುಕಾಲ ಇಟ್ಟುಕೊಂಡಿರುತ್ತವೆ.

ಉಳಿದದ್ದು ಒಂದೇ ಒಂದು. ಈ ಸಾಲು ರಾತ್ರಿ ಕಾಣುತ್ತಿರಲಿಲ್ಲ, ಹಗಲಿನಲ್ಲಿ ಕಾಣುತ್ತಿತ್ತು. ನಾಲ್ಕು ದಿನ ಹೊತ್ತುಹೊತ್ತಿಗೆ ನೋಡಿ ನೋಟುಪುಸ್ತಕದಲ್ಲಿ ಗುರುತು ಹಾಕಿದೆವು. ಬೆಳಗ್ಗೆ ಆರೂವರೆಯಿಂದ ಏಳರೊಳಗೆ ಬರುವುದು, ಸಂಜೆ ಆರೂವರೆಗೆ ಮರೆಯಾಗುವುದು. ಹುಡುಗ ಶಾಲೆಯಲ್ಲಿರುವ ಹೊತ್ತಿನಲ್ಲಿಯೂ ಅದು ಇತ್ತು ಎಂಬುದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಕಗ್ಗತ್ತಲೆಯಂತೆ ಮೋಡ ಕವಿದು ಮಳೆ ಸುರಿದ ಒಂದು ಬೆಳಗ್ಗೆ ಅದು ಬಂದದ್ದು ಎಂಟರ ಮೇಲೆ. ಸೂರ್ಯನನ್ನು ಅನುಸರಿಸಿ ಬರುವ ಈ ಅತಿಥಿ ಯಾರೆಂದು ಯೋಚಿಸುತ್ತ ತಾರಸಿಯತ್ತ ಕಣ್ಣೆತ್ತಿದಾಗ ಉತ್ತರ ಅಲ್ಲಿಯೇ ಮಲಗಿತ್ತು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ನಾವೂ ಸೌರಫಲಕಗಳನ್ನು ಹಾಕಿಸಿದ್ದೆವು. ಅವುಗಳ ಇನ್ವರ್ಟರಿನ ಬುಡದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಸಾಧನವಿದೆ. ಎಷ್ಟು ವಿದ್ಯುತ್ತು ಉತ್ಪಾದನೆಯಾಯಿತೆಂದು ಅದು ವೈಫೈ ಮೂಲಕ ವರದಿ ಕಳುಹಿಸುತ್ತದೆ. ಇನ್ವರ್ಟರು ಬಿಸಿಲಿನಿಂದ ಎಚ್ಚರಗೊಳ್ಳುತ್ತದೆ, ಕತ್ತಲಾದೊಡನೆ ಮಲಗುತ್ತದೆ. ಅದರೊಡನೆ ಈ ಸಾಧನವೂ. ಫಲಕ ಕೂರಿಸಲು ಬಂದವರು ಗುಪ್ತಪದ ಕೇಳಿದ್ದರು, ನಾವು ಕೊಟ್ಟಿದ್ದೆವು, ಮರೆತಿದ್ದೆವು.

ಹೀಗೆ ಐದೂ ಅಪರಿಚಿತರು ಮನೆಯವರೇ ಆಗಿದ್ದರು. ಸಂಪರ್ಕ ನಿಧಾನವಾದುದಕ್ಕೆ ಕಾರಣ, ಮಳೆ ಸೋರುತ್ತದೆಂದು ರೂಟರನ್ನು ನಾವೇ ಕಬ್ಬಿಣದ ಕಪಾಟಿನ ಹಿಂದೆ ಸರಿಸಿದ್ದುದು. ಎಲ್ಲಕ್ಕಿಂತ ಮಿಗಿಲಾದ ಮರೆವು ಇನ್ನೊಂದು. 2020ರಲ್ಲಿ ಮಕ್ಕಳಿಗೆ ಕೊಟ್ಟ ಗುಪ್ತಪದ ಹಳೆಯ ಟೆಲಿಫೋನ್ ತಂತಿಯ ರೂಟರಿನದು. ಎರಡು ವರ್ಷಗಳ ಅನಂತರ ಗಾಜಿನ ಎಳೆಯ ಸಂಪರ್ಕ ಬಂದಾಗ ಪೆಟ್ಟಿಗೆಯೂ ಗುಪ್ತಪದವೂ ಬದಲಾಗಿದ್ದವು. ಹುಡುಗನ ಕೈಯಲ್ಲಿದ್ದುದು ಬೀಗವೇ ಇಲ್ಲದ ಕೀಲಿಕೈ.

ಹಾಗಾದರೆ ಸಂಶಯವೇ ಬೇಡವೇ ಎಂದು ಕೇಳಬಹುದು. ಬೇಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸ್ಫೋಟಿಸುವ ಕೆಲವೇ ನಿಮಿಷಗಳ ಮುನ್ನ ಸುದ್ದಿಮಾಧ್ಯಮಗಳಿಗೆ ಬಂದ ಬೆದರಿಕೆಯ ಇ-ಪತ್ರದ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಅವರ ಭದ್ರವಿಲ್ಲದ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ತನಿಖೆ ಮೊದಲು ಬಂದು ಬಾಗಿಲು ತಟ್ಟುವುದು ಸಂಪರ್ಕದ ಒಡೆಯನ ಮನೆಯನ್ನೇ.

ಆದುದರಿಂದ ಎಣಿಕೆ ಮುಗಿದ ಮೇಲೂ ಒಂದು ಸಾಲು ಉಳಿದರೆ ಮಾಡಬೇಕಾದ್ದು ಸುಲಭ: ಗುಪ್ತಪದವನ್ನು ಬದಲಾಯಿಸುವುದು. ಎಲ್ಲರೂ ಹೊರಬೀಳುತ್ತಾರೆ, ನಮ್ಮವುಗಳನ್ನು ಒಂದೊಂದಾಗಿ ಒಳಗೆ ಕರೆದುಕೊಂಡರಾಯಿತು. ಒಂದೊಂದೇ ಮ್ಯಾಕ್ ವಿಳಾಸವನ್ನು ತಡೆಯುವ ಸೌಲಭ್ಯವೂ ರೂಟರಿನಲ್ಲಿ ಉಂಟು, ಆದರೆ ವಿಳಾಸವನ್ನೇ ಬದಲಿಸಬಲ್ಲವನ ಮುಂದೆ ಅದು ಬಿದಿರಿನ ತಟ್ಟಿ. ಭದ್ರತೆಯ ವಿಧಾನದಲ್ಲಿ ಡಬ್ಲ್ಯು.ಪಿ.ಎ. 2 ಅಥವಾ 3 ಇರಲಿ; ಬಹಳ ಹಳೆಯ ರೂಟರುಗಳಲ್ಲಿ ಕಾಣುವ ಡಬ್ಲ್ಯು.ಇ.ಪಿ. ಎಂಬುದು 2001ರಲ್ಲಿಯೇ ಮುರಿದುಬಿದ್ದಿದೆ. ಡಬ್ಲ್ಯು.ಪಿ.ಎಸ್. ಎಂಬ ಎಂಟಂಕಿಯ ಪಿನ್ ಸೌಕರ್ಯವನ್ನು ಆರಿಸಿಬಿಡುವುದು ಲೇಸು. ಎಂಟು ಅಂಕೆಯೆಂದರೆ ಹತ್ತು ಕೋಟಿ ಸಾಧ್ಯತೆಯೆಂದು ತೋರುತ್ತದೆ. ಆದರೆ ಅದು ಮೊದಲ ನಾಲ್ಕನ್ನು ಬೇರೆ, ಉಳಿದ ಮೂರನ್ನು ಬೇರೆ ಪರೀಕ್ಷಿಸುತ್ತದೆ, ಕೊನೆಯದು ತಾಳೆಯ ಅಂಕೆ ಮಾತ್ರ. ಹತ್ತು ಸಾವಿರಕ್ಕೆ ಒಂದು ಸಾವಿರ ಕೂಡಿಸಿದರೆ 11,000 ಪ್ರಯತ್ನಗಳೇ ಸಾಕೆಂದು 2011ರಲ್ಲಿ ಸ್ಟೆಫಾನ್ ವೀಬೊಕ್ ಎಂಬವರು ತೋರಿಸಿಕೊಟ್ಟರು. ಏಳನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕವನ್ನು ನಾವು ಹಲಗೆಯ ಮೇಲೆ ಮಾಡಿಸಿದ್ದೇವೆ.

ಇನ್ನೊಂದು ಮಾತು. ವೈಫೈಯ ಗುಪ್ತಪದ ಬೇರೆ, ರೂಟರಿನ ಆಡಳಿತ ಪುಟದ ಗುಪ್ತಪದ ಬೇರೆ. ಎರಡನೆಯದನ್ನು ಬದಲಾಯಿಸುವವರು ವಿರಳ. 2016ರಲ್ಲಿ ‘ಮಿರಾಯ್’ ಎಂಬ ಉಪದ್ರವಿ ತಂತ್ರಾಂಶ ಕಾರ್ಖಾನೆಯಿಂದ ಬಂದ ಅರುವತ್ತರಷ್ಟು ಹೆಸರು-ಗುಪ್ತಪದಗಳ ಜೋಡಿಗಳನ್ನಷ್ಟೇ ಪ್ರಯೋಗಿಸಿ, ಲಕ್ಷಾಂತರ ಕ್ಯಾಮರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳನ್ನು ಛೂ ಬಿಟ್ಟಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಗಂಟೆಗಟ್ಟಲೆ ಎಟುಕಲಿಲ್ಲ. ಆ ಕ್ಯಾಮರಾಗಳ ಒಡೆಯರು ತಮ್ಮ ಪಟ್ಟಿಯನ್ನು ನೋಡಿದ್ದರೂ ಅಲ್ಲಿ ಅಪರಿಚಿತ ಹೆಸರು ಕಾಣುತ್ತಿರಲಿಲ್ಲ. ಅವರದೇ ಕ್ಯಾಮರಾ ಕಾಣುತ್ತಿತ್ತು. ದೀಪ, ಪ್ಲಗ್, ಕ್ಯಾಮರಾಗಳನ್ನೂ ನೆಂಟರಿಷ್ಟರ ಫೋನುಗಳನ್ನೂ ‘ಅತಿಥಿ ಜಾಲ’ವೆಂಬ ಬೇರೆ ಕೋಣೆಯಲ್ಲಿ ಇರಿಸುವ ಅನುಕೂಲ ಈಗಿನ ಹಲವು ರೂಟರುಗಳಲ್ಲಿದೆ. ನಾವು ಹಾಗೆಯೇ ಮಾಡಿ, ಪ್ರತಿಯೊಂದರ ಮ್ಯಾಕ್ ವಿಳಾಸದ ಎದುರು ಅದು ಇರುವ ಜಾಗವನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇವೆ: ಅಂಗಳದ ದೀಪ, ದೇವರ ಕೋಣೆ, ತಾರಸಿ.

ಐದನೆಯ ಸಾಲು ಬಗೆಹರಿದ ಸಂಜೆ ನೋಟುಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ನೆರೆಮನೆಗೆ ಹೋದೆವು. ಹುಡುಗನನ್ನು ಕರೆಸಿ, ಅವನ ತಾಯಿಯ ಎದುರಿನಲ್ಲಿಯೇ, ‘ತಪ್ಪು ನಮ್ಮದು’ ಎಂದು ಹೇಳಿ ಪುಟವನ್ನು ತೆರೆದು ತೋರಿಸಿದೆವು. ಅವನು ಒಂಬತ್ತು ಸಾಲುಗಳನ್ನೂ ನಿಧಾನವಾಗಿ ಓದಿದ. ಗೋಡೆಯ ಮೇಲೆ ಏಕೆ ಕೂರುತ್ತಿದ್ದೆ ಎಂದು ಕೇಳಿದಾಗ, ಮನೆಯೊಳಗೆ ಚಿಕ್ಕ ತಮ್ಮ ಓದಲು ಬಿಡುವುದಿಲ್ಲವೆಂದ. ಅವರ ಮನೆಗೂ ಹಿಂದಿನ ವರ್ಷವೇ ವೈಫೈ ಬಂದಿತ್ತೆಂಬುದು ನಮಗೆ ಗೊತ್ತಾದದ್ದು ಆಗಲೇ. ಅದರ ಸಂಕೇತ ಗೋಡೆಯವರೆಗೆ ಚೆನ್ನಾಗಿ ಸಿಗುತ್ತದಂತೆ.

ತಾಯಿ ಚಹಾ ತಂದಿಟ್ಟು, ‘ಹಾಗಾದರೆ ನಮ್ಮದನ್ನೂ ಒಮ್ಮೆ ನೋಡಬಹುದಲ್ಲ ಮಾಸ್ತರರೇ’ ಎಂದರು. ಹುಡುಗ ರೂಟರನ್ನು ತಿರುಗಿಸಿ ಚೀಟಿ ಓದಿ, ಪುಟ ತೆರೆದ. ಅವರ ಎಣಿಕೆಯಲ್ಲಿ ಇದ್ದುದು ಮೂರು. ಪಟ್ಟಿಯಲ್ಲಿ ಏಳು.