ಯಕೃತ್ತಿಗೆ ಕಾಲಾವಕಾಶ ದೊರಕಿಸಿದ ದಾರಿ

ಹೃದಯದ ಆಪರೇಷನ್ ಮುಗಿದ ಎರಡನೆಯ ದಿನ. ಕವಾಟ ಬದಲಾಗಿದೆ, ಹೊಲಿಗೆಗಳು ಸರಿಯಾಗಿವೆ. ಆದರೆ ಬೆಳಗಿನ ರಕ್ತಪರೀಕ್ಷೆಯಲ್ಲಿ 40ರ ಆಸುಪಾಸಿನಲ್ಲಿರಬೇಕಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಯಕೃತ್ತಿನ ಎಂಜೈಮುಗಳ ಅಂಕಿಗಳು ಸಾವಿರಗಳನ್ನು ದಾಟಿವೆ. ರಕ್ತ ಹೆಪ್ಪುಗಟ್ಟುವುದು ತಡವಾಗುತ್ತಿದೆ, ಅಮೋನಿಯಾ ಏರಿ ರೋಗಿ ಮಂಪರಿಗೆ ಜಾರುತ್ತಿದ್ದಾರೆ. ಹೃದಯಕ್ಕೆಂದು ಆಸ್ಪತ್ರೆ ಸೇರಿದವರ ಯಕೃತ್ತು ಕೈಕೊಟ್ಟಿದೆ. ಹೀಗಾಗುವುದು ಅಪರೂಪ, ಆದರೆ ಆದಾಗ ಜೀವಕ್ಕೇ ಸಂಚಕಾರ.

1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಯುವತಿಯೊಬ್ಬಳ ಹೃದಯದ ರಂಧ್ರ ಮುಚ್ಚಿದರು. ತೆರೆದ ಹೃದಯ ಶಸ್ತ್ರಚಿಕಿತ್ಸೆಯ ಯುಗ ಶುರುವಾದಂತೆ, ರಕ್ತದ ಹರಿವು ಏರುಪೇರಾದಾಗ ಉಳಿದ ಅಂಗಗಳ ಗತಿಯೇನು ಎಂಬ ಪ್ರಶ್ನೆಯೂ ಬೆಳೆಯಿತು. ಹೃದಯ ಪಂಪು ಮಾಡುವ ರಕ್ತದಲ್ಲಿ ಸುಮಾರು ಕಾಲುಭಾಗ ಯಕೃತ್ತಿಗೆ ಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ, ಆಮ್ಲಜನಕವನ್ನು ಒಂದಿಷ್ಟು ಕಳೆದುಕೊಂಡೇ ಬರುತ್ತದೆ. ಹೀಗಾಗಿ ಹರಿವು ಕುಗ್ಗಿದಾಗ ಅದರ ಕೊನೆಯಲ್ಲಿರುವ ಜೀವಕೋಶಗಳು ಮೊದಲು ಸಾಯುತ್ತವೆ.

ಬೆಲ್ಜಿಯಂನ ಜಾನ್ ಹೆನ್ರಿಯೋನ್ ತಂಡ 2003ರಲ್ಲಿ ಹೀಗೆ ಆಮ್ಲಜನಕದ ಕೊರತೆಯಿಂದ ಯಕೃತ್ತು ಕೆಟ್ಟ 142 ಪ್ರಕರಣಗಳನ್ನು ವರದಿ ಮಾಡಿತು. ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ರಕ್ತದೊತ್ತಡ ಕುಸಿದ ಆಘಾತ ಸ್ಥಿತಿ ಇತ್ತು. ಹೃದಯದ ಬಲಭಾಗ ಸೋತು ರಕ್ತ ಹಿಂದಕ್ಕೆ ಒತ್ತರಿಸಿ, ಮೊದಲೇ ಊದಿಕೊಂಡ ಯಕೃತ್ತು ಕೆಡಲು ಹರಿವಿನ ಸಣ್ಣ ಕೊರತೆಯೂ ಸಾಕಾಗುತ್ತದೆ. ಬಿಪಿ ಸರಿಯಿದೆ ಎಂದು ನೆಮ್ಮದಿಯಾಗಿರುವಂತಿಲ್ಲ.

ಚಿಕಿತ್ಸೆಯ ಹುಡುಕಾಟ ಇನ್ನೊಂದು ದಿಕ್ಕಿನಿಂದ ಬಂತು. 1943ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಕೋಲ್ಫ್ ಕೃತಕ ಮೂತ್ರಪಿಂಡ ರೂಪಿಸಿದ್ದರು. ಯಕೃತ್ತಿಗೂ ಅಂಥದ್ದೊಂದು ಯಂತ್ರ ಸಾಧ್ಯವೇ? 1970ರ ದಶಕದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ರೋಜರ್ ವಿಲಿಯಮ್ಸ್ ತಂಡ ರೋಗಿಯ ರಕ್ತವನ್ನು ಇದ್ದಿಲಿನ ಮೂಲಕ ಹಾಯಿಸಿ ಶುದ್ಧಗೊಳಿಸಲು ಶ್ರಮಿಸಿತು. 1988ರಲ್ಲಿ ಅದೇ ತಂಡ ಹೋಲಿಕೆಯ ಪ್ರಯೋಗ ನಡೆಸಿ, ಇದರಿಂದ ಬದುಕುಳಿಯುವವರು ಹೆಚ್ಚಾಗಲಿಲ್ಲ ಎಂದು ತಾನೇ ಪ್ರಕಟಿಸಿತು. ತಮ್ಮ ಕೈಯಾರೆ ಬೆಳೆಸಿದ ವಿಧಾನದ ಸೋಲನ್ನು ಮುಚ್ಚಿಡದ ಆ ಪ್ರಾಮಾಣಿಕತೆಗೆ ವೈದ್ಯಲೋಕ ಋಣಿಯಾಗಿರಬೇಕು.

ಯಕೃತ್ತು ಹೊರಹಾಕಬೇಕಾದ ಬಿಲಿರುಬಿನ್, ಪಿತ್ತದ ಆಮ್ಲಗಳಂಥ ವಸ್ತುಗಳು ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತವೆ. ಮಾಮೂಲಿ ಡಯಾಲಿಸಿಸ್‌ಗೆ ಅವು ಸಿಗುವುದಿಲ್ಲ. 1990ರ ದಶಕದಲ್ಲಿ ಜರ್ಮನಿಯ ರೋಸ್ಟಾಕ್‌ನಲ್ಲಿ ಯಾನ್ ಸ್ಟಾಂಗೆ ಮತ್ತು ಸ್ಟೆಫೆನ್ ಮಿಟ್ಸ್‌ನರ್ ಇದಕ್ಕೊಂದು ಉಪಾಯ ಹೂಡಿದರು. ಅವರ ‘ಮಾರ್ಸ್’ ಯಂತ್ರದಲ್ಲಿ ತೆಳು ಪೊರೆಯ ಒಂದು ಬದಿಗೆ ರೋಗಿಯ ರಕ್ತ, ಇನ್ನೊಂದು ಬದಿಗೆ ಶೇ 20ರ ಆಲ್ಬುಮಿನ್ ದ್ರಾವಣ. ಆಲ್ಬುಮಿನ್ ಆ ಪೊರೆ ದಾಟಲಾರದು. ಅದಕ್ಕೆ ಅಂಟಿದ ವಿಷ ಮಾತ್ರ ಬಿಡಿಸಿಕೊಂಡು ಆಚೆಯ ಆಲ್ಬುಮಿನ್‌ಗೆ ಹತ್ತುತ್ತದೆ. ಆ ದ್ರಾವಣ ಡಯಾಲಿಸಿಸ್, ಇದ್ದಿಲು, ರಾಳದ ಸೋಸುಗಳನ್ನು ಹಾದು ಚೊಕ್ಕಟವಾಗಿ ಮತ್ತೆ ಪೊರೆಯ ಬಳಿಗೆ ಮರಳುತ್ತದೆ.

ಜರ್ಮನಿಯ ಬಾಡ್ ಓಯ್ನ್‌ಹೌಸನ್‌ನ ಹೃದಯ ಕೇಂದ್ರ ಇದನ್ನು ಹೃದಯ ಸೋತು ಯಕೃತ್ತು ಕೆಟ್ಟ 27 ರೋಗಿಗಳಲ್ಲಿ ಪರೀಕ್ಷಿಸಿತು. ಫಲ ಆಶಾದಾಯಕವಾಗಿತ್ತು, ಆದರೆ ಅಷ್ಟು ಕಡಿಮೆ ಮಂದಿಯಿಂದ ತೀರ್ಮಾನಕ್ಕೆ ಬರಲಾಗದು. ನಾನಾ ಕಾರಣಗಳಿಂದ ಯಕೃತ್ತು ಸೋತ 102 ರೋಗಿಗಳ ಮೇಲಿನ ಫ್ರಾನ್ಸಿನ ಪ್ರಯೋಗದಲ್ಲೂ (2013) ಮಾರ್ಸ್ ಜೀವ ಉಳಿಸುತ್ತದೆಂಬುದು ಸಾಬೀತಾಗಲಿಲ್ಲ.

ಗಟ್ಟಿಯಾದ ಪುರಾವೆ ಸಿಕ್ಕಿದ್ದು ಪ್ಲಾಸ್ಮಾ ಬದಲಾವಣೆಗೆ, ಅಂದರೆ ರೋಗಿಯ ರಕ್ತದ ದ್ರವಭಾಗವನ್ನು ತೆಗೆದು ದಾನಿಗಳದನ್ನು ತುಂಬುವ ವಿಧಾನಕ್ಕೆ. ಕೋಪನ್‌ಹೇಗನ್ ನೇತೃತ್ವದ 182 ರೋಗಿಗಳ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಮೂರು ದಿನ, ದಿನಕ್ಕೆ ಎಂಟರಿಂದ ಹನ್ನೆರಡು ಲೀಟರ್ ಪ್ಲಾಸ್ಮಾ ಬದಲಿಸಿದವರಲ್ಲಿ ಶೇ 58.7 ಮಂದಿ ಮನೆಗೆ ಮರಳಿದರು. ಉಳಿದವರಲ್ಲಿ ಶೇ 47.8. ಆ ಪ್ರಯೋಗದಲ್ಲಿದ್ದವರಲ್ಲಿ ಹೆಚ್ಚಿನವರು ಹೃದಯರೋಗಿಗಳಲ್ಲ ಎಂಬುದನ್ನು ನೆನಪಿಡಬೇಕು. ನಮ್ಮ ನೆರೆಯ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ಇಲಿ ಪಾಷಾಣ ಸೇವಿಸಿ ಯಕೃತ್ತು ಕೆಟ್ಟವರಿಗೆ ಕಡಿಮೆ ಪ್ರಮಾಣದ ಪ್ಲಾಸ್ಮಾ ಬದಲಾವಣೆ ಮಾಡಿ, ದುಬಾರಿ ಯಂತ್ರಗಳಿಲ್ಲದೆಡೆಯೂ ದಾರಿಯಿದೆ ಎಂದು ತೋರಿಸಿದ್ದಾರೆ.

ಇಷ್ಟೆಲ್ಲ ಪ್ರಯತ್ನದಿಂದ ಸ್ಪಷ್ಟವಾದ ಸಂಗತಿ ಒಂದು: ಇಲ್ಲಿ ಯಕೃತ್ತಿನ ಮೊದಲ ಮದ್ದು ಹೃದಯದಲ್ಲೇ ಇದೆ. ಔಷಧದಿಂದಲೋ, ರಕ್ತಕ್ಕೆ ಆಮ್ಲಜನಕ ತುಂಬಿ ಪಂಪು ಮಾಡುವ ಎಕ್ಮೋ ಯಂತ್ರದಂಥ ಆಸರೆಯಿಂದಲೋ ರಕ್ತದ ಹರಿವನ್ನು ಸುಧಾರಿಸಬೇಕು. ಮೈಯಲ್ಲಿ ತುಂಬಿಕೊಂಡ ನೀರನ್ನು ಇಳಿಸಬೇಕು. ಯಕೃತ್ತಿಗೆ ಭಾರವಾಗುವ ಔಷಧಿಗಳನ್ನು ನಿಲ್ಲಿಸಬೇಕು. ಸಕ್ಕರೆ ಅಂಶ ಥಟ್ಟನೆ ಕುಸಿಯುವ ಭಯವಿರುವುದರಿಂದ ಪದೇ ಪದೇ ಪರೀಕ್ಷಿಸುತ್ತಲೇ ಇರಬೇಕು. ಹರಿವು ಮರಳಿದರೆ ಏರಿದ್ದ ಎಂಜೈಮುಗಳು ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಇಂಥವರಿಗೆ ಯಕೃತ್ತಿನ ಕಸಿ ಸಾಮಾನ್ಯವಾಗಿ ಉತ್ತರವಲ್ಲ. ಸೋತ ಹೃದಯ ಆ ಹೊರೆಯನ್ನು ತಾಳಲಾರದು, ಹೃದಯ ಚೇತರಿಸಿದರೆ ಕಸಿಯ ಅಗತ್ಯವೂ ಬೀಳುವುದಿಲ್ಲ.

ಸತ್ತ ಜೀವಕೋಶಗಳ ಜಾಗದಲ್ಲಿ ಹೊಸವನ್ನು ಬೆಳೆಸಿಕೊಳ್ಳುವ ಶಕ್ತಿ ಯಕೃತ್ತಿಗೆ ಹುಟ್ಟಿನಿಂದಲೇ ಬಂದದ್ದು. ಯಂತ್ರ, ಪ್ಲಾಸ್ಮಾ, ಔಷಧಿಗಳೆಲ್ಲ ಅದಕ್ಕೆ ಬೇಕಾದ ಸಮಯವನ್ನು ಒದಗಿಸುತ್ತವೆ. ಆದ್ದರಿಂದ ಐಸಿಯು ಹೊರಗೆ ಕಾಯುವ ಮನೆಯವರು ವೈದ್ಯರನ್ನು ಲಿವರ್ ಹೇಗಿದೆ ಎಂದು ಕೇಳುವಾಗ, ಹೃದಯ ಎಷ್ಟು ಚೆನ್ನಾಗಿ ಪಂಪು ಮಾಡುತ್ತಿದೆ ಎಂದೂ ಕೇಳಬೇಕು. ಚೇತರಿಕೆ ಶುರುವಾಗುವುದು ಅಲ್ಲಿಂದಲೇ.