ಅರ್ಧ ಟಿಕೆಟ್ಟಿನ ಪಾಠ

ಕೆಲವು ವರ್ಷಗಳ ಹಿಂದೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಪ್ರಯಾಣಿಸುತ್ತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬ ತಂದೆ, ಕಿಟಕಿಯ ಪಕ್ಕದಲ್ಲಿ ಅವರ ಮಗ. ನಿರ್ವಾಹಕರು ಬಂದು “ಹುಡುಗನಿಗೆ ಎಷ್ಟು ವರ್ಷ?” ಎಂದು ಕೇಳಿದರು. 6 ವರ್ಷ ತುಂಬಿದ ಮಕ್ಕಳಿಗೆ ಅರ್ಧ ಟಿಕೆಟ್ ತೆಗೆದುಕೊಳ್ಳಬೇಕೆಂಬುದು ನಿಯಮ. ತಂದೆ “ಐದು” ಎಂದರು. ಹೊರಗೆ ನೋಡುತ್ತಿದ್ದ ಹುಡುಗ ತಟ್ಟನೆ ತಿರುಗಿ, “ಅಲ್ಲಪ್ಪಾ, ಏಳು! ಮೊನ್ನೆ ತಾನೇ ಹುಟ್ಟಿದ ಹಬ್ಬ ಮಾಡಿದ್ವಲ್ಲ!” ಎಂದು ಹೆಮ್ಮೆಯಿಂದ ಹೇಳಿದ. ಸುತ್ತಲಿದ್ದವರು ನಕ್ಕರು. ನಿರ್ವಾಹಕರೂ ನಕ್ಕು ಅರ್ಧ ಟಿಕೆಟ್ ಕೊಟ್ಟರು. ತಂದೆ ಹಣವನ್ನೇನೋ ತೆತ್ತರು, ಆದರೆ ಮಗನ ತೊಡೆಯನ್ನು ಬಲವಾಗಿ ಚಿವುಟಿ, “ಬಾಯಿ ಮುಚ್ಚಿಕೊಂಡು ಕೂರಕ್ಕೆ ಆಗಲ್ವಾ?” ಎಂದು ಗದರಿದರು. ಹುಡುಗ ಅಳಲಿಲ್ಲ. ಬಸ್ಸು ಭರಮಸಾಗರವನ್ನು ದಾಟಿದ ಮೇಲೆ ಮೆಲ್ಲನೆ ಕೇಳಿದ: “ಅಪ್ಪಾ, ಇನ್ನು ಮೇಲೆ ಯಾರಾದರೂ ಕೇಳಿದರೆ ನನಗೆ ಎಷ್ಟು ವರ್ಷ ಅಂತ ಹೇಳಬೇಕು?” ತಂದೆ ಉತ್ತರ ಕೊಡಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ನೋಡತೊಡಗಿದರು.

ಆ ತಂದೆ ಕೆಟ್ಟವರೆಂದು ನನಗೆ ಅನ್ನಿಸಲಿಲ್ಲ. ಉಳಿಸಬೇಕೆಂದಿದ್ದ ಆ ಕೆಲವು ರೂಪಾಯಿಗಳನ್ನು ಬಹುಶಃ ಅದೇ ಮಗನಿಗಾಗಿಯೇ ಖರ್ಚು ಮಾಡುತ್ತಿದ್ದರು. ಪುಣ್ಯಕೋಟಿಯ ಕಥೆಯನ್ನು ಅವರೇ ಮಗನಿಗೆ ಎಷ್ಟೋ ಸಲ ಹೇಳಿರಲೂಬಹುದು. ಕೊಟ್ಟ ಮಾತಿಗಾಗಿ ಹುಲಿಯ ಮುಂದೆ ಹೋಗಿ ನಿಂತ ಹಸುವಿನ ಕಥೆ ಕೇಳಿ ಕಣ್ಣೀರು ತಂದುಕೊಳ್ಳದ ಕನ್ನಡದ ಮಗುವಿಲ್ಲ. ಆದರೆ ಕಥೆಯಲ್ಲಿ ಸತ್ಯಕ್ಕೆ ತೆರಬೇಕಾದ ಬೆಲೆಯನ್ನು ತೆರುವುದು ಹಸು. ಬಸ್ಸಿನಲ್ಲಿ ಅದನ್ನು ತೆರಬೇಕಾದವರು ನಾವು. ಮಗು ಈ ಎರಡನ್ನೂ ಕಾಣುತ್ತದೆ. ಜೀವವನ್ನೇ ಕೊಡಬಹುದಾದ ಸತ್ಯ ಅರ್ಧ ಟಿಕೆಟ್ಟಿಗೂ ಬಾಳದೆಂದು ಅದಕ್ಕೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ದೈನಂದಿನ ಸಂದರ್ಭಗಳನ್ನು ಬಳಸಿಕೊಂಡು ಮಕ್ಕಳಿಗೆ ಜೀವನಪಾಠ ಕಲಿಸಬೇಕೆಂದು ನಾವು ಆಗಾಗ ಹೇಳುತ್ತೇವೆ. ನಾವು ಬಳಸಿಕೊಂಡಾಗ ಮಾತ್ರ ಸಂದರ್ಭ ಪಾಠವಾಗುತ್ತದೆ, ಉಳಿದ ಹೊತ್ತಿನಲ್ಲಿ ಅದು ಸುಮ್ಮನಿರುತ್ತದೆ ಎಂಬ ಭಾವನೆ ಈ ಮಾತಿನ ಹಿಂದಿದೆ. ಅದು ಹಾಗಲ್ಲ. ಸಂದರ್ಭ ತಾನಾಗಿಯೇ ಕಲಿಸುತ್ತಿರುತ್ತದೆ. ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಅಲ್ಲಿ ಹಿರಿಯರು ಮಾಡಬೇಕಾದ ಕೆಲಸ ಉಪದೇಶಕ್ಕಿಂತ ಕಷ್ಟದ್ದು: ಆ ಗಳಿಗೆಯಲ್ಲಿ ತಮಗಾಗುವ ನಷ್ಟವನ್ನು ತಾವು ಹೊರುವುದು. ಅಂದು ಆ ತಂದೆ “ಹೌದು, ಏಳು ವರ್ಷ. ನಾನೇ ತಪ್ಪು ಹೇಳಿದೆ, ಅರ್ಧ ಟಿಕೆಟ್ ಕೊಡಿ” ಎಂದಿದ್ದರೆ ಸಾಕಾಗಿತ್ತು. ಸತ್ಯದ ಮಹಿಮೆಯ ಕುರಿತು ಇನ್ನೊಂದು ಮಾತೂ ಬೇಕಿರಲಿಲ್ಲ.

ತಪ್ಪೊಪ್ಪಿಕೊಂಡರೆ ಮಕ್ಕಳ ಮುಂದೆ ಹಗುರವಾಗುತ್ತೇವೆ ಎಂಬ ಅಂಜಿಕೆ ಅನೇಕ ತಂದೆತಾಯಿಗಳಿಗಿದೆ. ಮಗು ತಪ್ಪು ಮಾಡಿದಾಗ ಗಟ್ಟಿಯಾಗಿ ಗದರದಿದ್ದರೆ ಅದು ಕೆಟ್ಟುಹೋಗುತ್ತದೆ ಎಂಬ ಅಂಜಿಕೆಯೂ ಇದೆ. ಈ ಎರಡನೆಯದಕ್ಕೆ ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಒಂದು ಪ್ರಸಂಗ ಉತ್ತರವಾಗಬಲ್ಲದು. ಸುಮಾರು 15ನೆಯ ವಯಸ್ಸಿನಲ್ಲಿ ಅವರು ಅಣ್ಣನ ತೋಳಿನ ಕಡಗದಿಂದ ಒಂದು ಚೂರು ಚಿನ್ನ ಕದ್ದರು. ಅಣ್ಣ ಮಾಡಿದ್ದ ಸುಮಾರು 25 ರೂಪಾಯಿ ಸಾಲವನ್ನು ತೀರಿಸುವುದಕ್ಕಾಗಿ. ಸಾಲ ತೀರಿತು, ಮನಸ್ಸು ಮಾತ್ರ ತಡೆಯದಾಯಿತು. ಬಾಯಿಂದ ಹೇಳಲು ಧೈರ್ಯ ಸಾಲದೆ ತಪ್ಪೊಪ್ಪಿಗೆಯನ್ನು ಕಾಗದದಲ್ಲಿ ಬರೆದು, ತಕ್ಕ ಶಿಕ್ಷೆ ಕೊಡಬೇಕೆಂದು ಕೇಳಿ ತಂದೆಯ ಕೈಗಿತ್ತರು. ಕಾಯಿಲೆಯಿಂದ ಬರಿಯ ಹಲಗೆಯ ಮಂಚದ ಮೇಲೆ ಮಲಗಿದ್ದ ತಂದೆ ಕರಮಚಂದರು ಎದ್ದು ಕುಳಿತು ಓದಿದರು. ಕಣ್ಣೀರು ಕೆನ್ನೆಯ ಮೇಲಿಂದ ಇಳಿದು ಕಾಗದವನ್ನು ತೋಯಿಸಿತು. ಒಂದು ಕ್ಷಣ ಕಣ್ಣು ಮುಚ್ಚಿ ಯೋಚಿಸಿ, ಕಾಗದವನ್ನು ಹರಿದುಹಾಕಿ, ಮತ್ತೆ ಮಲಗಿಕೊಂಡರು. ಬೈಗುಳವಿಲ್ಲ, ಹೊಡೆತವಿಲ್ಲ. ಆ ಮೌನವೇ ತನಗೆ ಅಹಿಂಸೆಯ ಪ್ರತ್ಯಕ್ಷ ಪಾಠವಾಯಿತೆಂದು ಮಗ ಮುಂದೆ ಬರೆದರು. ತಂದೆಗೆ ಪಾಠ ಹೇಳುವ ಉದ್ದೇಶ ಇತ್ತೋ ಇಲ್ಲವೋ. ಅವರಿಗೆ ನೋವಾಗಿತ್ತು, ಅದನ್ನು ಅವರು ಮರೆಮಾಚಲಿಲ್ಲ, ಅಷ್ಟೇ.

ಎಳೆಯ ಮಕ್ಕಳ ವಿಚಾರ ಇದಕ್ಕಿಂತ ಸ್ವಲ್ಪ ಬೇರೆ. ಮೂರು ನಾಲ್ಕು ವರ್ಷದ ಮಗು ಲೋಟ ಒಡೆದು “ಬೆಕ್ಕು ಬೀಳಿಸಿತು” ಎಂದರೆ ಅದನ್ನು ಸುಳ್ಳುಗಾರನೆಂದು ಕರೆಯುವುದು ಅನ್ಯಾಯ. ಆ ವಯಸ್ಸಿನಲ್ಲಿ ನಡೆದದ್ದಕ್ಕೂ ನಡೆಯಬೇಕಿತ್ತೆಂದು ಬಯಸಿದ್ದಕ್ಕೂ ನಡುವೆ ಗೋಡೆ ಇನ್ನೂ ಎದ್ದಿರುವುದಿಲ್ಲ. ನಮ್ಮ ಕಣ್ಣೆದುರೇ ಒಡೆದದ್ದನ್ನು “ಯಾರು ಒಡೆದದ್ದು?” ಎಂದು ಕಣ್ಣು ಕೆಂಪಾಗಿಸಿಕೊಂಡು ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ. ಉತ್ತರ ತಿಳಿದಿದ್ದೂ ಕೇಳುವ ಆ ಪ್ರಶ್ನೆಯೇ ಸುಳ್ಳಿಗೆ ಕೊಡುವ ಆಹ್ವಾನ. “ಲೋಟ ಒಡೆಯಿತು, ಚೂರುಗಳನ್ನು ನಾನು ಆರಿಸುತ್ತೇನೆ, ನೀನು ಒರೆಸುವ ಬಟ್ಟೆ ತಾ” ಎಂದರೆ ಮಗು ಬಟ್ಟೆ ತರುತ್ತದೆ. ಚೆಲ್ಲಿದ್ದನ್ನು ಚೆಲ್ಲಿದವರೇ ಒರೆಸಬೇಕೆಂದು ತಿಳಿಯುತ್ತದೆ.

ಇನ್ನು ಹಣದ ವಿಚಾರ. ಎಂಟು ಹತ್ತು ವರ್ಷದ ಮಗುವಿನ ಕೈಗೆ 100 ರೂಪಾಯಿ ಕೊಟ್ಟು ಸಂತೆಯಲ್ಲಿ ತರಕಾರಿ ಕೊಳ್ಳಲು ಬಿಡುವುದು ಒಳ್ಳೆಯದು. ಲೆಕ್ಕ ಬರುತ್ತದೆ, ಚಿಲ್ಲರೆ ಎಣಿಸುವುದು ಬರುತ್ತದೆ. ಅದಕ್ಕಿಂತ ಮುಖ್ಯವಾದುದು, ಮಾರುವವಳು ಮರೆತು ಹತ್ತು ರೂಪಾಯಿ ಹೆಚ್ಚು ಕೊಟ್ಟಾಗ ನಾವು ಏನು ಮಾಡುತ್ತೇವೆ ಎಂಬುದು. ಸೊಪ್ಪಿನ ಅಜ್ಜಿಯ ಹತ್ತಿರ ಎರಡು ರೂಪಾಯಿಗಾಗಿ ಹತ್ತು ನಿಮಿಷ ಚೌಕಾಸಿ ಮಾಡಿ, ಅದೇ ಸಂಜೆ ಮಾಲಿನಲ್ಲಿ ಬೆಲೆಚೀಟಿಯನ್ನು ನೋಡದೆ ಹಣ ತೆರುವ ನಮ್ಮ ರೀತಿಯನ್ನು ಮಕ್ಕಳು ಗಮನಿಸುತ್ತಾರೆ. ಬಡವರ ಮುಂದೆ ಜಾಣತನ, ಉಳ್ಳವರ ಮುಂದೆ ಔದಾರ್ಯ ಎಂಬ ಲೋಕನೀತಿಯನ್ನು ಅವರು ಕಲಿಯುವುದು ಅಲ್ಲಿಯೇ. ಶರಣೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಮಗೆಲ್ಲ ತಿಳಿದದ್ದೇ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿ ಕಳುಹಿಸಿದಳು. ಅದು ಅನುಭವಮಂಟಪದಲ್ಲಿ ನಡೆದ ಚರ್ಚೆಯಲ್ಲ. ಮನೆಯ ಬಾಗಿಲಲ್ಲಿ, ಅಡುಗೆಗೆ ಹೊತ್ತಾದಾಗ, ಗಂಡಹೆಂಡಿರ ನಡುವೆ ನಡೆದ ಮಾತು. ಶರಣರ ಎಷ್ಟೋ ದೊಡ್ಡ ವಿಚಾರಗಳು ಬೆಳೆದದ್ದು ಇಂಥ ಅಕ್ಕಿ, ಹಗ್ಗ, ದೋಣಿ, ಮಗ್ಗಗಳ ನಡುವೆಯೇ. ನಮ್ಮ ಮನೆಗೆ ಹೆಚ್ಚಾಗಿ ಬಂದದ್ದನ್ನು ಕುರಿತು ನಾವು ಗಂಡಹೆಂಡಿರು ಆಡಿಕೊಳ್ಳುವ ಮಾತು ಯಾವುದು? ಪಕ್ಕದ ಕೋಣೆಯಲ್ಲಿ ಮಲಗಿರುವ ಮಗು ಪೂರ್ತಿ ನಿದ್ದೆಹೋಗಿರುತ್ತದೆ ಎಂದುಕೊಳ್ಳಬಾರದು.

ತಟ್ಟೆಯಲ್ಲಿ ಅನ್ನ ಬಿಡುವ ಮಕ್ಕಳಿಗೆ ಹಸಿದವರ ಕಥೆ ಹೇಳಿ ಫಲವಿಲ್ಲ. ಹೊಟ್ಟೆ ತುಂಬಿದ ಮಗುವಿಗೆ ದೂರದ ಹಸಿವು ಅರ್ಥವಾಗದು. ಮಠಗಳ ದಾಸೋಹದಲ್ಲಿ ಒಂದು ದಿನ ಬಡಿಸಲು ನಿಲ್ಲಿಸಬೇಕು. ನಮ್ಮ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಬಿಸಿಯೂಟಕ್ಕೂ ‘ಅಕ್ಷರ ದಾಸೋಹ’ ಎಂದೇ ಹೆಸರು. ಸೌಟು ಹಿಡಿದು ಪಂಕ್ತಿಯುದ್ದಕ್ಕೂ ನಡೆದ ಮಗು, ಕೊನೆಯಲ್ಲಿ ಕುಳಿತವರಿಗೆ ಪಾಯಸ ಸಾಲದೆ ಹೋದಾಗ ಪಾತ್ರೆಯ ತಳ ನೋಡುತ್ತದಲ್ಲ, ಆ ನೋಟದಲ್ಲಿ ಬೇಕಾದದ್ದೆಲ್ಲ ಇದೆ.

ಇದನ್ನೆಲ್ಲ ಓದಿ ಕಂಡದ್ದನ್ನೆಲ್ಲ ಪಾಠ ಮಾಡಹೊರಡುವ ಅಪಾಯವೂ ಉಂಟು. ನನ್ನ ಪರಿಚಯದ ಶಿಕ್ಷಕರೊಬ್ಬರು ಮಾವಿನಹಣ್ಣು ಹೆಚ್ಚಿದರೂ ಒಂದು ನೀತಿ ಹೇಳದೆ ಬಿಡುತ್ತಿರಲಿಲ್ಲ. ಅವರ ಮಕ್ಕಳು ಮಾವಿನಹಣ್ಣನ್ನು ಚಿಕ್ಕಪ್ಪನ ಮನೆಗೆ ಹೋಗಿ ತಿನ್ನುತ್ತಿದ್ದರು! ಹತ್ತು ಸಂದರ್ಭಗಳಲ್ಲಿ ಒಂಬತ್ತನ್ನು ಮಾತಿಲ್ಲದೆ ಬಿಡುವುದೇ ಲೇಸು.

ಆದರೆ ಮಗುವೇ ಪ್ರಶ್ನೆ ಕೇಳಿದಾಗ ಬಿಡುವಂತಿಲ್ಲ. ಒಮ್ಮೆ ಬಸವ ಜಯಂತಿಯ ಕಾರ್ಯಕ್ರಮ ಮುಗಿಸಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಮನೆಯ ಯಜಮಾನರು ವೇದಿಕೆಯ ಮೇಲೆ ಸಮಾನತೆಯ ಬಗ್ಗೆ ಚೆನ್ನಾಗಿಯೇ ಮಾತನಾಡಿದ್ದರು. ಹಿತ್ತಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಆಳಿಗೆ ಚಹಾ ಕೊಡಲು ಹೇಳಿದಾಗ, ಎಂಟು ವರ್ಷದ ಮೊಮ್ಮಗಳು ನಮಗೆ ಕೊಟ್ಟಂಥದೇ ಸ್ಟೀಲ್ ಲೋಟದಲ್ಲಿ ಚಹಾ ತೆಗೆದುಕೊಂಡು ಹೊರಟಳು. ಅಜ್ಜಿ ಒಳಗಿನಿಂದ, “ಅದಲ್ಲ ಪುಟ್ಟಿ, ಅವನ ಲೋಟ ಕಾಂಪೌಂಡ್ ಗೋಡೆಯ ಮೇಲಿದೆ ನೋಡು” ಎಂದರು. ಹುಡುಗಿ ನಿಂತಳು. “ಯಾಕಜ್ಜಿ, ಅದು ಬೇರೆ?” ಎಂದಳು. ಅಜ್ಜಿ ಮಾತನಾಡಲಿಲ್ಲ. ಹುಡುಗಿ ಅಜ್ಜನ ಕಡೆ ತಿರುಗಿದಳು.

ಆ ಹಿರಿಯರು ತುಂಬ ಹೊತ್ತು ತಲೆ ತಗ್ಗಿಸಿ ಕುಳಿತಿದ್ದರು. ಗದರುವುದು ಸುಲಭವಿತ್ತು, “ಅದೆಲ್ಲ ನಿನಗೆ ತಿಳಿಯಲ್ಲ ಹೋಗು” ಎನ್ನುವುದು ಇನ್ನೂ ಸುಲಭ. ಅವರು ಕೊನೆಗೆ, “ನಾವು ಇಷ್ಟು ದಿನ ತಪ್ಪು ಮಾಡಿದ್ದೀವಿ ಕಣಮ್ಮಾ. ಅವನಿಗೆ ಇದರಲ್ಲೇ ಕೊಡು” ಎಂದರು. ಆಮೇಲೆ ತಮ್ಮ ಲೋಟವನ್ನೂ ಎತ್ತಿಕೊಂಡು ಹಿತ್ತಲಿಗೆ ಹೋಗಿ ತೆಂಗಿನ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕುಳಿತರು. ಅಜ್ಜಿಯ ಮುಖ ಬಿಗಿದೇ ಇತ್ತು. ಒಂದು ಸಂಜೆಗೆ ಎಲ್ಲವೂ ಸರಿಯಾಗುವುದಿಲ್ಲ. ನಾನು ಹೊರಡುವ ಹೊತ್ತಿಗೆ ಹುಡುಗಿ ಗೋಡೆಯ ಮೇಲಿದ್ದ ಆ ಹಳೆಯ ಲೋಟವನ್ನು ಒಳಗೆ ತಂದು, ಉಳಿದವುಗಳ ಜೊತೆ ನಲ್ಲಿಯ ಕೆಳಗೆ ಇಟ್ಟು ತೊಳೆಯುತ್ತಿದ್ದಳು.