ತೋಳಕ್ಕಿಂತ ಮೊದಲು ಚಳಿ

‘ದ ಲಾಂಗ್ ಡಾರ್ಕ್’ ವಿಡಿಯೊ ಗೇಮಿಗೆ ಹೊಸದಾಗಿ ಕಾಲಿಟ್ಟವರು ಮೊದಲು ಹುಡುಕುವುದು ಬಂದೂಕನ್ನು. ಬಿಳಿ ಮಬ್ಬಿನೊಳಗೆ ತೋಳ ಊಳಿಟ್ಟರೆ ಯಾರಿಗಾದರೂ ಹಾಗೇ ತೋಚುತ್ತದೆ. ಆದರೆ ಅವರು ಹುಡುಕಬೇಕಾದದ್ದು ಒಂದಿಷ್ಟು ಒಣಕಡ್ಡಿ, ಒಂದು ಗುಹೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂಬ ಅಂದಾಜು. ಚಳಿ, ದಣಿವು, ಬಾಯಾರಿಕೆ, ಹಸಿವು ಎಂಬ ನಾಲ್ಕು ಅಳತೆಗಳ ಮೇಲೆ ಈ ಆಟ ನಿಂತಿದೆ. ನಾಲ್ಕೂ ಒಂದೇ ತೂಕದವಲ್ಲ. ಹೊಟ್ಟೆ ಪೂರ್ತಿ ಖಾಲಿಯಾದರೂ ಪಾತ್ರದ ದೇಹಸ್ಥಿತಿ ಗಂಟೆಗೆ ಸುಮಾರು ಶೇ 1ರಷ್ಟು ಮಾತ್ರ ಇಳಿಯುತ್ತದೆ. ಬಾಯಾರಿಕೆ ಅದಕ್ಕಿಂತ ಜೋರು. ಮೈ ಹೆಪ್ಪುಗಟ್ಟತೊಡಗಿದರಂತೂ ಕೆಲವೇ ಗಂಟೆಗಳಲ್ಲಿ ಆಟ ಮುಗಿದಂತೆ. ಈ ಲೆಕ್ಕ ತಲೆಗೆ ಹತ್ತಿದವರಿಗೆ ಮುಂದಿನ ಉಪಾಯಗಳಲ್ಲಿ ಅರ್ಧ ತಾವಾಗಿಯೇ ಹೊಳೆಯುತ್ತವೆ.

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ದ್ವೀಪದಲ್ಲಿ ಶುರುವಾದ ಹಿಂಟರ್‌ಲ್ಯಾಂಡ್ ಸ್ಟುಡಿಯೊ ಇದನ್ನು ತಯಾರಿಸಿದೆ. ರಾಫೆಲ್ ವ್ಯಾನ್ ಲೀರಾಪ್ ಅದರ ಸ್ಥಾಪಕರು. 2013ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಹಣ ಕೂಡಿಸಿ, 2014ರ ಸೆಪ್ಟೆಂಬರಿನಲ್ಲಿ ಅರೆಬೆಂದ ರೂಪದಲ್ಲಿ ಬಿಟ್ಟು, 2017ರ ಆಗಸ್ಟ್ 1ರಂದು ಪೂರ್ಣ ರೂಪದಲ್ಲಿ ಹೊರತಂದರು. ಭೂಕಾಂತೀಯ ಬಿರುಗಾಳಿಯೊಂದು ಬೀಸಿ, ವಿದ್ಯುತ್ತಿನಿಂದ ನಡೆಯುವುದೆಲ್ಲ ಸತ್ತುಹೋಗಿರುವ ಗ್ರೇಟ್ ಬೇರ್ ಎಂಬ ಕಲ್ಪಿತ ದ್ವೀಪ ಇದರ ಅಂಗಳ. ಕಥೆಯಾಗಿ ಆಡುವ ಭಾಗ ಬೇರೆ ಇದೆ. ನಾನು ಹೇಳುತ್ತಿರುವುದು ಸರ್ವೈವಲ್ ಮೋಡ್ ಬಗ್ಗೆ. ಅಲ್ಲಿ ಗೆಲುವೆಂಬುದಿಲ್ಲ, ಎಷ್ಟು ದಿನ ಬದುಕಿದಿರಿ ಎಂಬುದಷ್ಟೇ ಲೆಕ್ಕ. ಮಾಮೂಲಿಗೆ ಸತ್ತರೆ ಉಳಿಸಿಟ್ಟ ಆಟವೂ ಅಳಿಸಿಹೋಗುತ್ತದೆ. ಹಾಗಾಗಿ ಮುಂದಿನ ಆಟಕ್ಕೆ ದಾಟುವ ಆಸ್ತಿ ಎಂದರೆ ಬಹುಮಟ್ಟಿಗೆ ಆಡುವವರ ತಲೆಯಲ್ಲಿರುವುದೇ.

ಬೆಂಕಿಯಿಂದಲೇ ಶುರು ಮಾಡೋಣ. ಬೆಂಕಿಪೊಟ್ಟಣದಲ್ಲಿ ಉಳಿದಿರುವ ಕಡ್ಡಿಗಳೇ ಈ ಆಟದಲ್ಲಿ ನಿಮ್ಮ ಆಯಸ್ಸು. ಹೊಸಬರು ಪ್ರತಿ ಬೆಂಕಿಗೂ ಒಂದೊಂದು ಕಡ್ಡಿ ಗೀರುತ್ತಾರೆ. ಪಳಗಿದವರು ಕೊಳ್ಳಿ ಹಿಡಿದು ಹೊರಡುತ್ತಾರೆ. ಉರಿಯುವ ಬೆಂಕಿಯ ಮುಂದೆ ನಿಂತಾಗ ಅದರಿಂದ ಪಂಜೊಂದನ್ನು ತೆಗೆದುಕೊಳ್ಳುವ ಆಯ್ಕೆ ಬರುತ್ತದೆ; ಎಷ್ಟೋ ಜನ ಅದನ್ನು ಗಮನಿಸಿಯೇ ಇರುವುದಿಲ್ಲ. ಆ ಪಂಜು ಕೈಯಲ್ಲಿದ್ದರೆ ಮುಂದಿನ ಗುಹೆಯಲ್ಲಿ ಅದರಿಂದಲೇ ಬೆಂಕಿ ಹೊತ್ತಿಸಬಹುದು. ಅಲ್ಲಿಂದ ಮತ್ತೊಂದು ಪಂಜು, ಮತ್ತೊಂದು ಗುಹೆ. ಬೆಳಿಗ್ಗೆ ಗೀರಿದ ಒಂದೇ ಕಡ್ಡಿ ಸಂಜೆಯವರೆಗೆ ಬರುತ್ತದೆ. ಜೊತೆಗೆ ಕೊಳ್ಳಿ ಕಂಡ ತೋಳ ಹತ್ತಿರ ಬರಲು ಹಿಂದೆಮುಂದೆ ನೋಡುತ್ತದೆ, ಅದರ ಕಾಲಬುಡಕ್ಕೆ ಎಸೆದರೆ ಓಡುವ ಸಾಧ್ಯತೆ ಹೆಚ್ಚು. ಇದಕ್ಕೆಲ್ಲ ಶತ್ರು ಗಾಳಿ. ಬೀಸುಗಾಳಿಯಲ್ಲಿ ಪಂಜು ನಾಲ್ಕು ಹೆಜ್ಜೆಯೂ ಉಳಿಯುವುದಿಲ್ಲ. ಆದ್ದರಿಂದ ಗಾಳಿ ಇಳಿಯುವವರೆಗೆ ಕಾಯಿರಿ, ಇಲ್ಲವೇ ಪಂಜನ್ನು ನೀವೇ ಆರಿಸಿ ಚೀಲಕ್ಕೆ ಹಾಕಿಕೊಳ್ಳಿ, ಇನ್ನೊಂದು ಬೆಂಕಿ ಸಿಕ್ಕಾಗ ಹೊತ್ತಿಸಿಕೊಳ್ಳಿ.

ಭೂತಗನ್ನಡಿ ಸಿಕ್ಕಿದರೆ ಬಿಡಬೇಡಿ. ಆಕಾಶ ತಿಳಿಯಾಗಿದ್ದು ಬಿಸಿಲು ನೇರವಾಗಿ ಬೀಳುತ್ತಿದ್ದರೆ ಅದರಿಂದ ಎಷ್ಟು ಸಲ ಬೇಕಾದರೂ ಬೆಂಕಿ ಮಾಡಬಹುದು, ಒಂದು ಕಡ್ಡಿಯೂ ಖರ್ಚಾಗುವುದಿಲ್ಲ. ಬಿಸಿಲು ಬಿದ್ದ ದಿನ ಬೇರೆ ಕೆಲಸ ಬದಿಗಿಟ್ಟು ಹೊರಗೆ ಬೆಂಕಿ ಹಾಕಿ, ಹಿಮ ಕರಗಿಸಿ ನೀರು ಕಾಯಿಸಿಟ್ಟುಕೊಳ್ಳುವುದು ಜಾಣತನ. ಬೆಂಕಿ ಹಚ್ಚುವ ಕೌಶಲ ಮೂರನೇ ಹಂತಕ್ಕೆ ಏರಿದರೆ ಕಾಗದದಂಥ, ಬೇಗ ಹೊತ್ತಿಕೊಳ್ಳುವ ಕಸದ ಅಗತ್ಯವೇ ಇರುವುದಿಲ್ಲ. ಅಲ್ಲಿಯವರೆಗೆ ರಟ್ಟಿನ ಪೆಟ್ಟಿಗೆ ಕಂಡಲ್ಲೆಲ್ಲ ಹರಿದಿಟ್ಟುಕೊಳ್ಳಿ. ಆರಿದ ಬೆಂಕಿಯನ್ನೂ ಹಾಗೇ ದಾಟಿ ಹೋಗಬೇಡಿ, ಅದರಲ್ಲಿ ಇದ್ದಿಲು ಸಿಗುತ್ತದೆ. ಈ ಆಟದಲ್ಲಿ ಮೂಲೆಯಲ್ಲೊಂದು ನಕ್ಷೆ ಸದಾ ತೋರುತ್ತಿರುವುದಿಲ್ಲ. ಎತ್ತರದ ಜಾಗದಲ್ಲಿ ನಿಂತು ಆ ಇದ್ದಿಲಿನಿಂದ ಸುತ್ತಲಿನ ನೆಲವನ್ನು ನೀವೇ ಗುರುತು ಹಾಕಿಕೊಳ್ಳಬೇಕು.

ಮಿಸ್ಟರಿ ಲೇಕ್ ಎಂಬ ಸರೋವರದ ಪ್ರದೇಶ ಹೊಸಬರಿಗೆ ಹೇಳಿಮಾಡಿಸಿದ ಜಾಗ. ಅಲ್ಲಿ ಒಂದು ಜಿಂಕೆ ಸತ್ತು ಹೆಪ್ಪುಗಟ್ಟಿ ಬಿದ್ದಿದೆ ಎಂದಿಟ್ಟುಕೊಳ್ಳಿ. ಬರಿಗೈಯಲ್ಲಿ ಅದರ ಮಾಂಸ ಕೀಳಲಾಗದು. ಕೊಡಲಿ ಇದ್ದರೂ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನಿಮ್ಮ ಮೈಯೂ ಕೊರಡಾಗುತ್ತದೆ. ಬದಲಿಗೆ ಸತ್ತ ಜಿಂಕೆಯ ಪಕ್ಕದಲ್ಲೇ, ಬಂಡೆಯ ಮರೆಯಿದ್ದರೆ ಆ ಮರೆಯಲ್ಲಿ, ಬೆಂಕಿ ಹಾಕಿ. ಗಾಳಿ ದಿಕ್ಕು ಬದಲಿಸುತ್ತಲೇ ಇರುವುದರಿಂದ ಎರಡು ಬಂಡೆಗಳ ನಡುವಿನ ಸಂದಿಯಾದರೆ ಇನ್ನೂ ಒಳ್ಳೆಯದು. ಬೆಂಕಿಯ ಕಾವಿಗೆ ದೇಹದ ಹೆಪ್ಪು ಬಿಡುತ್ತಾ ಬರುತ್ತದೆ. ಮಾಂಸ ಕೊಯ್ಯುವಷ್ಟು ಹೊತ್ತು ನಿಮಗೂ ಬಿಸಿ ತಾಗುತ್ತದೆ. ಕೊಯ್ದ ತುಂಡು ಅಲ್ಲೇ ಬೇಯುತ್ತದೆ, ಪಕ್ಕದ ಡಬ್ಬಿಯಲ್ಲಿ ಹಿಮ ಕರಗಿ ನೀರಾಗುತ್ತದೆ. ವಾಸನೆ ಹಿಡಿದು ಬಂದ ತೋಳ ಬೆಂಕಿಗೆ ಹೆದರಿ ದೂರದಲ್ಲೇ ಸುಳಿದಾಡುತ್ತದೆ. ಒದ್ದೆಯಾದ ಬಟ್ಟೆಯನ್ನು ಬಿಚ್ಚಿ ಬೆಂಕಿಯ ಬಳಿ ಹರವಿದರೆ ಹೊರಡುವ ವೇಳೆಗೆ ಅದೂ ಒಣಗಿರುತ್ತದೆ. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಇದು. ಬೆಂಕಿಯ ಒಂದು ನಿಮಿಷವೂ ಇಲ್ಲಿ ವ್ಯರ್ಥವಾಗುವುದಿಲ್ಲ.

ಹೊಟ್ಟೆಯ ವಿಚಾರದಲ್ಲಿ ಪಳಗಿದವರೊಳಗೆ ಎರಡು ಪಂಗಡ. ನಿದ್ದೆಯಲ್ಲಿ ಪಾತ್ರ ಗಂಟೆಗೆ 75 ಕ್ಯಾಲೊರಿಯಷ್ಟೇ ಸುಡುತ್ತದೆ, ಅಂದರೆ ಹತ್ತು ಗಂಟೆಯ ನಿದ್ದೆಗೆ 750. ಮೊದಲ ಪಂಗಡದವರು ಹಗಲೆಲ್ಲ ಉಪವಾಸವಿದ್ದು, ಮಲಗುವ ಮುನ್ನ ಅಷ್ಟೇ ತಿಂದು, ಹಗಲು ಕಳೆದುಕೊಂಡ ದೇಹಸ್ಥಿತಿಯನ್ನು ನಿದ್ದೆಯಲ್ಲಿ ಮರಳಿ ಗಳಿಸುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ, ಆಹಾರ ಬಹುಕಾಲ ಬರುತ್ತದೆ. ತಯಾರಕರಿಗೆ ಇದು ಹಿಡಿಸಿದಂತಿಲ್ಲ. ಮೂರು ದಿನ ಒಮ್ಮೆಯೂ ಹೊಟ್ಟೆ ಖಾಲಿ ಬಿಡದವರಿಗೆ ‘ವೆಲ್ ಫೆಡ್’ ಎಂಬ ಬಹುಮಾನವನ್ನು ಆಮೇಲೆ ಸೇರಿಸಿದರು. ಅದು ದಕ್ಕಿದರೆ ಮಾಮೂಲಿ 30 ಕಿಲೊ ಹೊರೆಯ ಮೇಲೆ ಇನ್ನೂ 5 ಕಿಲೊ ಹೊರಬಹುದು. ನಾನು ಎರಡನೆಯ ಪಂಗಡ. ಐದು ಕಿಲೊ ಎಂದರೆ ಒಂದು ಹೊರೆ ಸೌದೆ, ಒಂದು ರಾತ್ರಿಯ ಬಿಸಿ. ಕೈಯಲ್ಲಿ ಏನೂ ಇಲ್ಲದ ಮೊದಲ ದಿನಗಳಲ್ಲಿ ಉಪವಾಸ ಅನಿವಾರ್ಯವಾಗಬಹುದು, ಆದರೆ ಅದನ್ನೇ ಬದುಕುವ ಕ್ರಮ ಮಾಡಿಕೊಂಡರೆ ಆಟದ ಅರ್ಧ ಸೊಗಸು ಹೋಗುತ್ತದೆ. ಬೇಟೆ, ಮೀನು, ಅಡುಗೆ ಎಲ್ಲವೂ ಬರೀ ಅಂಕಿಗಳಾಗಿಬಿಡುತ್ತವೆ.

ಕೆರೆಯಂಚಿನ ಜೊಂಡಿನ ಜಾತಿಗೆ ಸೇರಿದ ಕ್ಯಾಟ್‌ಟೇಲ್ ಗಿಡವನ್ನು ಹೊಸಬರು ಕಣ್ಣೆತ್ತಿಯೂ ನೋಡುವುದಿಲ್ಲ. ಅದರ ಒಂದು ದಂಟಿನಲ್ಲಿ 150 ಕ್ಯಾಲೊರಿ ಇದೆ. ಬೇಯಿಸಬೇಕಿಲ್ಲ, ಕೊಳೆಯುವುದಿಲ್ಲ, ತೂಕ ಇಲ್ಲವೆನ್ನುವಷ್ಟು ಕಡಿಮೆ. ಮಾಂಸದ ಹಾಗೆ ವಾಸನೆ ಹರಡಿ ತೋಳವನ್ನು ಕರೆಯುವುದೂ ಇಲ್ಲ. ತುದಿಯ ಹತ್ತಿಯಂಥ ಭಾಗ ಬೆಂಕಿ ಹೊತ್ತಿಸಲು ಆಗುತ್ತದೆ. ದೂರದ ಪಯಣಕ್ಕೆ ಇದಕ್ಕಿಂತ ಒಳ್ಳೆಯ ಬುತ್ತಿ ಈ ದ್ವೀಪದಲ್ಲಿಲ್ಲ. ಮಾಂಸವನ್ನು ಮಾತ್ರ ಮನೆಯೊಳಗೆ ಕೂಡಿಡಬೇಡಿ. ಹೊರಗಿನ ಚಳಿಯಲ್ಲಿ ಅದು ನಿಧಾನವಾಗಿ ಕೆಡುತ್ತದೆ. ಅಡುಗೆಯ ಕೌಶಲ ಐದನೇ ಹಂತ ಮುಟ್ಟಿದ ಮೇಲೆ ನೀವು ಬೇಯಿಸಿದ್ದನ್ನು ತಿಂದು ಹೊಟ್ಟೆ ಕೆಡುವ ಭಯವಿಲ್ಲ. ತೋಳ, ಕರಡಿಗಳ ಮಾಂಸದಿಂದ ಬರುವ ಹೊಟ್ಟೆಹುಳದ ಕಾಟವೂ ತಪ್ಪುತ್ತದೆ. ಅಲ್ಲಿಯವರೆಗೆ ಜಿಂಕೆ, ಮೊಲ, ಮೀನು ಸಾಕು. ಮೊಲಕ್ಕೆ ಬಾಣ ಖರ್ಚು ಮಾಡಬೇಕಿಲ್ಲ. ಗುರಿಯಿಟ್ಟು ಕಲ್ಲು ಎಸೆದರೆ ಅದು ಮಂಕಾಗಿ ನಿಲ್ಲುತ್ತದೆ, ಓಡಿಹೋಗಿ ಹಿಡಿದುಕೊಳ್ಳಬಹುದು.

ತೋಳದ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ಚೀಲದಲ್ಲಿ ಹಸಿಮಾಂಸ, ಕರುಳು ಇದ್ದಷ್ಟೂ ಅದು ದೂರದಿಂದಲೇ ನಿಮ್ಮನ್ನು ಮೂಸುತ್ತದೆ. ಅಟ್ಟಿಸಿಕೊಂಡು ಬಂದರೆ ಒಂದು ತುಂಡು ಮಾಂಸ ಕೆಳಗೆ ಹಾಕಿ, ಅದು ತಿನ್ನುತ್ತಿರುವಾಗ ಸರಿದುಕೊಳ್ಳಿ. ದಾರಿಯಲ್ಲಿ ಕೆಟ್ಟುನಿಂತ ಕಾರು ಕಂಡರೆ ಒಳಗೆ ಕೂತುಬಿಡಿ. ಅಲ್ಲಿಗೆ ಗಾಳಿಯೂ ಬಾರದು, ತೋಳವೂ ಬಾರದು. ಕಾಗೆಗಳು ಸುತ್ತುತ್ತಿರುವ ಕಡೆ ಏನೋ ಸತ್ತು ಬಿದ್ದಿದೆ ಎಂದರ್ಥ. ಅಲ್ಲಿ ಬಿದ್ದ ಗರಿಗಳನ್ನೂ ಆರಿಸಿಕೊಳ್ಳಿ, ಬಾಣಕ್ಕೆ ಬೇಕಾಗುತ್ತವೆ. ಕರಡಿಗೆ ಬಾಣ ಬಿಡುವುದಾದರೆ ಮನೆಬಾಗಿಲ ಹತ್ತಿರದಿಂದಲೇ ಬಿಟ್ಟು ಒಳಗೆ ಹೋಗಿ. ಅದು ರಕ್ತ ಸೋರಿ ಗಂಟೆಗಟ್ಟಲೆಯ ನಂತರ ಬೀಳುತ್ತದೆ, ಆಗ ಹುಡುಕಿಕೊಂಡು ಹೋದರಾಯಿತು.

ಚರ್ಮ, ಕರುಳು, ಹಸಿ ಕೊಂಬೆಗಳನ್ನು ಚೀಲದಲ್ಲೇ ಹೊತ್ತು ತಿರುಗಿದರೆ ಅವು ಒಣಗುವುದೇ ಇಲ್ಲ. ಸೂರಿನಡಿ ನೆಲದ ಮೇಲೆ ಹಾಕಿ ದಿನಗಟ್ಟಲೆ ಬಿಡಬೇಕು. ಹಾಗಾಗಿ ಮೊದಲ ಜಿಂಕೆ ಸಿಕ್ಕಿದ ದಿನವೇ ಚರ್ಮವನ್ನು ಹರಡಿ ಹೊರಟುಬಿಡಿ, ಮರಳಿ ಬರುವಾಗ ಬೂಟಿಗೆ ಚರ್ಮ ಸಿದ್ಧವಾಗಿರುತ್ತದೆ. ಒಣಗಲೆಂದು ಅಲ್ಲೇ ಕಾದು ಕೂತರೆ ಇನ್ನೊಂದು ಪೀಡೆ ಅಂಟಿಕೊಳ್ಳುತ್ತದೆ. ನಾಲ್ಕು ಗೋಡೆಯೊಳಗೆ ಬಹಳ ದಿನ ಕಳೆದವರಿಗೆ ‘ಕ್ಯಾಬಿನ್ ಫೀವರ್’ ಬಂದು, ಮನೆಯೊಳಗೆ ನಿದ್ದೆಯೇ ಮಾಡಲಾಗುವುದಿಲ್ಲ. ಇದಕ್ಕೆ ಸರೋವರದ ಮಂಜುಗಡ್ಡೆಯ ಮೇಲಿರುವ ಮೀನುಗಾರರ ಗುಡಿಸಲು ಒಳ್ಳೆಯ ಮದ್ದು. ಆಟದ ಲೆಕ್ಕದಲ್ಲಿ ಅದು ಹೊರಗಿನ ಜಾಗ, ಆದರೆ ಒಳಗೆ ಒಲೆಯಿದೆ, ಗಾಳಿಗೆ ಮರೆಯಿದೆ. ಗಡ್ಡೆ ಕೊರೆದು ಗಾಳ ಹಾಕಿ ಕೂತರೆ ಹೊಟ್ಟೆಗೆ ಮೀನು, ಅದನ್ನು ಬೇಯಿಸಿದಾಗ ಲಾಟೀನಿಗೆ ಎಣ್ಣೆ. ಬಿರುಗಾಳಿ ಬೀಸುವ ದಿನಗಳನ್ನು ಕಳೆಯಲು ಇದಕ್ಕಿಂತ ಹಿತವಾದ ಜಾಗ ನನಗೆ ಗೊತ್ತಿಲ್ಲ.

ಗಾಯಕ್ಕೂ ಜ್ವರಕ್ಕೂ ಔಷಧದ ಅಂಗಡಿ ಹುಡುಕಬೇಕಿಲ್ಲ. ಮರಕ್ಕೆ ಜೋತುಬಿದ್ದ ‘ಓಲ್ಡ್ ಮ್ಯಾನ್ಸ್ ಬಿಯರ್ಡ್’ ಎಂಬ ಕಲ್ಲುಹೂವನ್ನು ಗಾಯಕ್ಕೆ ಕಟ್ಟಿದರೆ ಸೋಂಕು ತಗಲುವುದಿಲ್ಲ. ನಮ್ಮ ಮಸಾಲೆಗೆ ಬೀಳುವ ಕಲ್ಲುಹೂವೂ ಇದೇ ಬಗೆಯ ಜೀವಿ. ರೀಶಿ ಅಣಬೆಯ ಚಹಾ ಸೋಂಕಿಗೆ, ಕಾಡುಗುಲಾಬಿಯ ಕಾಯಿಯ ಚಹಾ ಉಳುಕಿನ ನೋವಿಗೆ. ಇವೆಲ್ಲ ಆಟದೊಳಗಿನ ಮದ್ದು ಎಂಬುದು ನೆನಪಿರಲಿ. ಇಲ್ಲಿನದನ್ನು ನಿಜವಾದ ಕಾಡಿನಲ್ಲಿ ಮಾಡಲು ಹೋಗಬಾರದು, ಪ್ರಾಣಿಗಳೂ ನಿಜದಲ್ಲಿ ಹೀಗೆ ನಡೆದುಕೊಳ್ಳುವುದಿಲ್ಲ. ತಯಾರಕರೇ ಆಟದ ಆರಂಭದಲ್ಲಿ ಈ ಎಚ್ಚರಿಕೆ ಕೊಟ್ಟಿದ್ದಾರೆ.

ಕಷ್ಟದ ಹಂತಗಳಲ್ಲಿ ‘ಪಿಲ್‌ಗ್ರಿಮ್’ ತೀರ ಸುಲಭ, ಅಲ್ಲಿ ತೋಳವೇ ನಿಮ್ಮನ್ನು ಕಂಡು ಓಡುತ್ತದೆ. ‘ವೊಯಾಜರ್’ನಲ್ಲಿ ಕಲಿತು, ‘ಸ್ಟಾಕರ್’ ದಾಟಿ, ‘ಇಂಟರ್‌ಲೋಪರ್’ಗೆ ಬಂದರೆ ಆಟವೇ ಬೇರೆ. ಅಲ್ಲಿ ಬಂದೂಕಿಲ್ಲ, ಚಾಕು ಕೊಡಲಿಗಳು ಎಲ್ಲೂ ಬಿದ್ದಿರುವುದಿಲ್ಲ, ದಿನ ಕಳೆದಂತೆ ಚಳಿಯೂ ಏರುತ್ತದೆ. ಚಾಕು, ಕೊಡಲಿಗಳನ್ನು ನೀವೇ ಕುಲುಮೆಯಲ್ಲಿ ಬಡಿದು ಮಾಡಿಕೊಳ್ಳಬೇಕು. ಡೆಸೊಲೇಷನ್ ಪಾಯಿಂಟ್‌ನಲ್ಲಿ ನಿಂತುಹೋದ ಹಡಗಿನೊಳಗೆ ಒಂದು ಕುಲುಮೆಯಿದೆ, ಫರ್ಲಾರ್ನ್ ಮಸ್ಕೆಗ್ ಎಂಬ ಜೌಗಿನಲ್ಲಿ ಇನ್ನೊಂದು. ಸೌದೆಯ ಕಾವು ಕುಲುಮೆಗೆ ಸಾಲದು, ಕಲ್ಲಿದ್ದಲು ಬೇಕು. ಅದು ಸಿಗುವುದು ಗುಹೆ ಮತ್ತು ಗಣಿಗಳಲ್ಲಿ. ಆದ್ದರಿಂದ ಹೊರಟ ದಿನದಿಂದಲೇ ದಾರಿಯ ಗುಹೆಗಳಲ್ಲಿ ಕಲ್ಲಿದ್ದಲನ್ನೂ, ಮನೆಗಳಲ್ಲಿ ಲೋಹದ ಚೂರುಗಳನ್ನೂ ಕೂಡಿಸುತ್ತಾ ಹೋಗಿ. ದೊಡ್ಡ ಸುತ್ತಿಗೆಯೊಂದು ಸಿಗುವವರೆಗೆ ಕುಲುಮೆಯತ್ತ ಮುಖ ಹಾಕಬೇಡಿ. ಬರಿಗೈಯಲ್ಲಿ ಅಲ್ಲಿಗೆ ಮುಟ್ಟಿ ಮರಳುವುದರಲ್ಲೇ ಅರ್ಧ ಆಹಾರ ಮುಗಿಯುತ್ತದೆ.

ಕೊನೆಗೆ ಅರೋರಾ ಬೆಳಕಿನ ರಾತ್ರಿಗಳು. ಆಕಾಶ ಹಸಿರಾಗಿ ಹೊಳೆಯತೊಡಗಿದಾಗ ಸತ್ತ ದೀಪ, ಕಂಪ್ಯೂಟರುಗಳಿಗೆಲ್ಲ ಜೀವ ಬರುತ್ತದೆ. ಚೀಲದಲ್ಲಿ ದಂಡವಾಗಿ ಕೂತಿದ್ದ ಟಾರ್ಚು ಆಗ ಮಾತ್ರ ಉರಿಯುತ್ತದೆ, ಅದರ ಜೋರುಬೆಳಕು ಕಣ್ಣಿಗೆ ಬಿದ್ದರೆ ತೋಳ ಹಿಂದೆ ಸರಿಯುತ್ತದೆ. ಆದರೆ ಜೋರಾಗಿ ಉರಿಸಿದರೆ ಚಾರ್ಜು ಬೇಗ ಇಳಿಯುತ್ತದೆ. ಮಾಮೂಲಿಗೆ ಮಂದಬೆಳಕಿನಲ್ಲಿ ನಡೆದು, ತೋಳ ಎದುರಾದಾಗಷ್ಟೇ ಜೋರು ಮಾಡಿ. ಹರಿದು ಬಿದ್ದ ತಂತಿಗಳಲ್ಲೂ ಆಗ ವಿದ್ಯುತ್ತು ಹರಿಯುತ್ತಿರುತ್ತದೆ. ಅವು ಎಲ್ಲೆಲ್ಲಿವೆ ಎಂದು ಹಗಲಿನಲ್ಲೇ ನೋಡಿಟ್ಟುಕೊಂಡವರು ಮಾತ್ರ ಅಂಥ ರಾತ್ರಿ ಕಟ್ಟಡಗಳೊಳಗೆ ಧೈರ್ಯವಾಗಿ ಓಡಾಡಬಹುದು.